ದಾನವಲ್ಲ, ಮುಯ್ಯಿ

ನಾಟಿಯ ಕೆಲಸ ಒಮ್ಮೆಗೇ ಬಂದು ಮನೆಯವರ ಕೈ ಸಾಲದೆ ಹೋದಾಗ ನಮ್ಮ ಒಕ್ಕಲು ಮಕ್ಕಳು ಬಹು ಕಾಲದಿಂದ ನಡೆಸಿಕೊಂಡು ಬಂದಿರುವ ಏರ್ಪಾಡೊಂದುಂಟು. ಇಂದು ನಿನ್ನ ಗದ್ದೆಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀನು ಬಾ. ಇಲ್ಲಿ ಕೂಲಿಯ ಮಾತಿಲ್ಲ; ಉಪಕಾರದ ಮಾತೂ ಇಲ್ಲ. ಇದನ್ನು ಮುಯ್ಯಾಳು ಎನ್ನುತ್ತಾರೆ. ಮುಯ್ಯಾಳಾಗಿ ಬಂದವನು ತನ್ನ ಎತ್ತು ನೇಗಿಲುಗಳನ್ನು ತಾನೇ ಹೊಡೆದುಕೊಂಡು ಬರುತ್ತಾನೆ. ಕರೆದವನೂ ಬದುವಿನ ಮೇಲೆ ಕುಳಿತು ನೋಡುವುದಿಲ್ಲ, ಬಂದವನೊಡನೆ ಕೆಸರಿಗೆ ಇಳಿಯುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಇಂದು ಸಹಾಯ ಪಡೆದವನಿಗೆ ನಾಳೆ ಅದನ್ನು ತೀರಿಸುವ ಶಕ್ತಿಯುಂಟೆಂಬ ನಂಬಿಕೆಯ ಮೇಲೆ ಈ ವ್ಯವಹಾರವೆಲ್ಲ ನಿಂತಿದೆ.

ಗ್ರಾಮಾಭಿವೃದ್ಧಿಗಾಗಿ ಸರಕಾರ ಸರಕಾರಗಳ ನಡುವೆ ನಡೆಯುವ ಸಹಕಾರವನ್ನು ಕುರಿತು ಯೋಚಿಸುವಾಗ ಈ ಮುಯ್ಯಾಳಿನ ಕ್ರಮವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಎರಡು ದೇಶಗಳ ಪ್ರತಿನಿಧಿಗಳು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ವಿಶ್ವಸಂಸ್ಥೆಯ ಅಂಗಸಂಸ್ಥೆಯೊಂದು ತಜ್ಞರನ್ನು ಕಳುಹಿಸುತ್ತದೆ. ಹಡಗಿನಲ್ಲಿಯೋ ವಿಮಾನದಲ್ಲಿಯೋ ಯಂತ್ರಗಳು ಬಂದು ಇಳಿಯುತ್ತವೆ. ಕೆಲವು ವರ್ಷಗಳಾದ ಮೇಲೆ ತಜ್ಞರು ತಮ್ಮ ನಾಡಿಗೆ ಮರಳುತ್ತಾರೆ. ಆಮೇಲೆ ಹಳ್ಳಿಯಲ್ಲಿ ಉಳಿಯುವುದೇನು? ಈ ಪ್ರಶ್ನೆಗೆ ದೊರೆಯುವ ಉತ್ತರವೇ ಸಹಕಾರದ ನಿಜವಾದ ಅಳತೆಯೆಂದು ನನ್ನ ಅಭಿಪ್ರಾಯ. ಕೊಟ್ಟ ಹಣದ ಮೊತ್ತವಾಗಲಿ ತಂದ ಯಂತ್ರದ ಹೊಸತನವಾಗಲಿ ಆ ಅಳತೆಗೋಲಾಗಲಾರದು.

ಇದು ರಾಜನೀತಿಗೆ ಸೇರಿದ ವಿಷಯ, ವಿಜ್ಞಾನದ ಪತ್ರಿಕೆಯಲ್ಲಿ ಇದರ ಚರ್ಚೆಯೇಕೆ ಎಂದು ವಾಚಕರು ಕೇಳಬಹುದು. ಒಪ್ಪಂದದ ಗುಣಾವಗುಣಗಳು ಕಾಗದದ ಮೇಲಿರುವುದಕ್ಕಿಂತ ಹೆಚ್ಚಾಗಿ ಯಂತ್ರದ ರಚನೆಯಲ್ಲಿಯೇ ಅಡಗಿರುತ್ತವೆ. ಅದರ ಯಾವ ಭಾಗ ಎಲ್ಲಿ ತಯಾರಾಯಿತು, ಕೆಟ್ಟಾಗ ಅದನ್ನು ಬಿಚ್ಚಿ ಜೋಡಿಸಬಲ್ಲವರು ಯಾರು, ಅದಕ್ಕೆ ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳು ಭೌತಶಾಸ್ತ್ರಕ್ಕೂ ಯಂತ್ರಶಾಸ್ತ್ರಕ್ಕೂ ಸೇರಿದವು. ಆದುದರಿಂದ ಎರಡು ಉದಾಹರಣೆಗಳನ್ನು ತೆಗೆದುಕೊಂಡು ವಿಚಾರಿಸಿ ನೋಡೋಣ. ಒಂದು ಆಕಾಶದ್ದು, ಇನ್ನೊಂದು ನೆಲದಡಿಯದು.

ಆಕಾಶದಿಂದ ಬಂದ ಪಾಠ

೧೯೬೯ನೆಯ ಇಸವಿ ಸೆಪ್ಟೆಂಬರ್ ೧೮ರಂದು ಭಾರತದ ಪರಮಾಣು ಶಕ್ತಿ ಇಲಾಖೆಯೂ ಅಮೆರಿಕ ಸಂಯುಕ್ತ ಸಂಸ್ಥಾನದ ನಾಸಾ ಸಂಸ್ಥೆಯೂ ಒಂದು ಒಪ್ಪಂದವನ್ನು ಮಾಡಿಕೊಂಡುವು. ಅಮೆರಿಕವು ಹಾರಿಸಲಿದ್ದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಭಾರತದ ಕಡೆಗೆ ತಿರುಗಿಸಿ, ದೂರದೂರದ ಹಳ್ಳಿಗಳಿಗೆ ದೂರದರ್ಶನದ ಮೂಲಕ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮತ್ತು ಶಾಲಾ ಶಿಕ್ಷಣದ ಪಾಠಗಳನ್ನು ಮುಟ್ಟಿಸುವುದು ಅದರ ಸಾರ. ವಿಕ್ರಮ್ ಸಾರಾಭಾಯಿಯವರು ಇದರ ಪ್ರೇರಕರು. ಫಲವನ್ನು ಕಾಣುವ ಭಾಗ್ಯ ಅವರಿಗೆ ಇರಲಿಲ್ಲ. ೧೯೭೧ರ ಡಿಸೆಂಬರಿನಲ್ಲಿ ಅವರು ಕಾಲವಾದರು. ಬಳಿಕ ಸತೀಶ್ ಧವನ್ ಅವರ ಅಧ್ಯಕ್ಷತೆಯಲ್ಲಿ ಇಸ್ರೋ ಸಂಸ್ಥೆಯು ಆ ಕಾರ್ಯವನ್ನು ಮುಂದುವರಿಸಿತು. ಅಹಮದಾಬಾದಿನ ಕೇಂದ್ರದ ನಿರ್ದೇಶಕರಾಗಿದ್ದ ಯಶಪಾಲ್ ಅವರು ಅದರ ಹೊಣೆ ಹೊತ್ತರು.

ಉಪಗ್ರಹದ ಹೆಸರು ಎ.ಟಿ.ಎಸ್.-೬. ಅದನ್ನು ೧೯೭೪ರ ಮೇ ೩೦ರಂದು ಹಾರಿಸಿದರು. ಮರುವರ್ಷ ಅದು ಪೂರ್ವ ಆಫ್ರಿಕದ ಮೇಲ್ಗಡೆ, ಭೂಮಧ್ಯರೇಖೆಯ ನೇರದಲ್ಲಿ, ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಬಂದು ನಿಂತಿತು. ನಿಂತಿತೆಂದರೆ ಭೂಮಿಯೊಡನೆ ಸಮವಾಗಿ ಸುತ್ತುತ್ತ ನಮ್ಮ ಕಣ್ಣಿಗೆ ನಿಂತಂತೆ ಇತ್ತೆಂದು ಅರ್ಥ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ಪ್ರಯೋಗ ನಡೆಯಿತು. ಆಂಧ್ರ ಪ್ರದೇಶ, ಬಿಹಾರ, ಮಧ್ಯ ಪ್ರದೇಶ, ಒರಿಸ್ಸ, ರಾಜಸ್ಥಾನಗಳ ಜೊತೆಗೆ ಕರ್ನಾಟಕವೂ ಆ ಆರರಲ್ಲಿ ಸೇರಿತ್ತು. ನಮ್ಮಲ್ಲಿ ಅದಕ್ಕೆ ಆರಿಸಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಇಂದಿನ ಹೆಸರುಗಳಲ್ಲಿ ಹೇಳುವುದಾದರೆ ಅವು ಕಲಬುರಗಿ, ರಾಯಚೂರು, ವಿಜಯಪುರದ ಸೀಮೆಗಳು.

ಇದರಲ್ಲಿ ಅಡಗಿರುವ ಭೌತಶಾಸ್ತ್ರವನ್ನು ಸ್ವಲ್ಪ ನೋಡಬೇಕು. ಉಪಗ್ರಹದ ಪ್ರೇಷಕದ ಶಕ್ತಿ ಸುಮಾರು ೮೦ ವ್ಯಾಟ್ ಮಾತ್ರ. ಹಳೆಯ ಮಾದರಿಯ ವಿದ್ಯುದ್ದೀಪವೊಂದು ಮನೆಯಲ್ಲಿ ಉರಿಯುವಾಗ ಬೇಕಾಗುತ್ತಿದ್ದಷ್ಟು. ಆ ಶಕ್ತಿಯನ್ನು ಎಲ್ಲ ದಿಕ್ಕಿಗೂ ಚೆಲ್ಲಿಬಿಟ್ಟರೆ ದೂರದ ವರ್ಗಕ್ಕೆ ವಿಲೋಮವಾಗಿ ಅದು ಕ್ಷೀಣಿಸಿ, ನಮ್ಮನ್ನು ಮುಟ್ಟುವಷ್ಟರಲ್ಲಿ ಇಲ್ಲವೇ ಇಲ್ಲವೆಂಬಂತೆ ಆಗುತ್ತಿತ್ತು. ಆದರೆ ಎ.ಟಿ.ಎಸ್.-೬ ಬಾನಿಗೇರಿದ ಮೇಲೆ ಕೊಡೆಯಂತೆ ಬಿಚ್ಚಿಕೊಳ್ಳುವ, ಸುಮಾರು ೯ ಮೀಟರ್ ಅಡ್ಡಳತೆಯ ಆಂಟೆನವನ್ನು ಹೊತ್ತಿತ್ತು. ೮೬೦ ಮೆಗಾಹರ್ಟ್ಸ್ ಆವರ್ತಾಂಕದ ಅಲೆಗಳ ತರಂಗಾಂತರ ಸುಮಾರು ೩೫ ಸೆಂಟಿಮೀಟರ್. ಇಷ್ಟು ತರಂಗಾಂತರಕ್ಕೆ ಅಷ್ಟು ದೊಡ್ಡ ಆಂಟೆನವಿದ್ದರೆ ಶಕ್ತಿಯೆಲ್ಲ ಎರಡು ಮುಕ್ಕಾಲು ಡಿಗ್ರಿಯಷ್ಟು ಕಿರಿದಾದ ಕಿರಣವಾಗಿ ಹೊರಡುತ್ತದೆಂದು ಲೆಕ್ಕ ಹಾಕಬಹುದು. ದೀಪದ ಹಿಂದೆ ಪ್ರತಿಫಲಕವನ್ನಿಟ್ಟು ಬೆಳಕನ್ನು ಒಂದೇ ಕಡೆಗೆ ಹಾಯಿಸಿದಂತೆ, ಆ ಕಿರಣವು ಭಾರತದ ಬಹುಭಾಗವನ್ನು ಆವರಿಸುತ್ತಿತ್ತು.

ಇಷ್ಟಾದರೂ ಹಳ್ಳಿಯ ಆಂಟೆನಕ್ಕೆ ದೊರೆಯುತ್ತಿದ್ದ ಶಕ್ತಿ ಒಂದು ವ್ಯಾಟಿನ ಸಾವಿರ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಅದನ್ನು ಹಿಡಿಯುವುದಕ್ಕೆ ನಮ್ಮವರು ಬಳಸಿದುದು ಸುಮಾರು ೩ ಮೀಟರ್ ಅಡ್ಡಳತೆಯ ಪರವಲಯಾಕಾರದ ಒಂದು ಬೋಗುಣಿಯನ್ನು. ಅದರ ಮೈ ಯಾವುದರದು? ಕೋಳಿಗೂಡಿಗೆ ಹೊದಿಸುವ ತಂತಿಯ ಬಲೆಯದು! ಬಲೆಯಲ್ಲಿ ತೂತುಗಳಿರುವಾಗ ಅಲೆಗಳು ಸೋರಿಹೋಗುವುದಿಲ್ಲವೇ ಎಂದು ಸಂದೇಹ ಬರುವುದು ಸಹಜ. ತರಂಗಾಂತರಕ್ಕಿಂತ ಬಹಳ ಚಿಕ್ಕದಾದ ಕಿಂಡಿ ಅಲೆಯ ಪಾಲಿಗೆ ಕಿಂಡಿಯೇ ಅಲ್ಲ. ೩೫ ಸೆಂಟಿಮೀಟರಿನ ಅಲೆಗೆ ಬೆರಳಗಲದ ಕಿಂಡಿಗಳಿರುವ ಬಲೆಯು ಕನ್ನಡಿಯಂತೆ ವರ್ತಿಸುತ್ತದೆ. ಗಾಳಿ ಬೀಸಿದಾಗ ಬಲೆಯ ಮೂಲಕ ಹಾದುಹೋಗುವುದರಿಂದ ಬೋಗುಣಿ ಉರುಳುವ ಭಯವೂ ಕಡಿಮೆ. ಬೆಲೆಯೂ ಅಗ್ಗ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಕಾಲದ ಸಾಮಾನ್ಯ ಸಂಪರ್ಕ ಉಪಗ್ರಹಗಳ ಸಂದೇಶವನ್ನು ಹಿಡಿಯಲು ಪುಣೆಯ ಬಳಿಯ ಆರ್ವಿಯಲ್ಲಿ ಸುಮಾರು ೩೦ ಮೀಟರ್ ಅಡ್ಡಳತೆಯ ಬೃಹತ್ ಆಂಟೆನ ಬೇಕಾಗಿತ್ತು. ಆಕಾಶದಲ್ಲಿರುವುದು ದುರ್ಬಲವಾದರೆ ನೆಲದಲ್ಲಿರುವುದು ಬಲವಾಗಿರಬೇಕು. ಆಕಾಶದಲ್ಲಿರುವುದು ಬಲವಾದರೆ ನೆಲದಲ್ಲಿರುವುದು ಅಗ್ಗವಾಗಬಹುದು. ಭಾರವನ್ನು ಯಾವ ಕಡೆಗೆ ಎಷ್ಟು ಹೊರಿಸಬೇಕೆಂಬುದೇ ವಿನ್ಯಾಸದ ಮರ್ಮ. ಈ ಪ್ರಯೋಗದಲ್ಲಿ ಒಂದೇ ಒಂದಾದ, ದುಬಾರಿಯಾದ ಭಾಗವನ್ನು ಸಿರಿವಂತ ರಾಷ್ಟ್ರವು ಹೊತ್ತಿತು. ಸಾವಿರಗಟ್ಟಲೆ ಬೇಕಾದ, ಅಗ್ಗವಾದ ಭಾಗವನ್ನು ನಾವು ಹೊತ್ತೆವು. ಭೌತಶಾಸ್ತ್ರದ ನಿಯಮವೇ ಮುಯ್ಯಿಯ ನಿಯಮವಾಗಿ ಒದಗಿದ ಸಂದರ್ಭವಿದು.

ಯಾರ ಕೈಯ ಕೆಲಸ?

ಒಪ್ಪಂದದ ನಿಬಂಧನೆಗಳನ್ನು ಈ ದೃಷ್ಟಿಯಿಂದಲೇ ನೋಡಬೇಕು. ಎರಡು ಸರಕಾರಗಳ ನಡುವೆ ಹಣದ ಕೊಡುಕೊಳ್ಳುವಿಕೆ ಇರಲಿಲ್ಲ. ತಮ್ಮ ತಮ್ಮ ಪಾಲಿನ ಕೆಲಸದ ವೆಚ್ಚವನ್ನು ತಾವು ತಾವೇ ಭರಿಸಿದರು. ಉಪಗ್ರಹವನ್ನು ಒದಗಿಸಿ ನಡೆಸುವುದು ಅಮೆರಿಕದ ಪಾಲು. ಅಹಮದಾಬಾದಿನಿಂದ ಉಪಗ್ರಹಕ್ಕೆ ಚಿತ್ರಗಳನ್ನು ಏರಿಸುವ ಭೂಕೇಂದ್ರ, ಹಳ್ಳಿಯ ಬೋಗುಣಿ, ಅದಕ್ಕೆ ಸೇರಿದ ವಿದ್ಯುತ್ಕೋಶಗಳು, ದೂರದರ್ಶನ ಗ್ರಾಹಕಗಳು, ಕಾರ್ಯಕ್ರಮಗಳ ತಯಾರಿಕೆ, ರಿಪೇರಿ, ಕೊನೆಗೆ ಫಲಿತಾಂಶದ ಪರೀಕ್ಷೆ—ಇವೆಲ್ಲ ಭಾರತದ ಪಾಲು. ಗ್ರಾಹಕಗಳನ್ನು ಹೈದರಾಬಾದಿನ ಸರಕಾರಿ ಕಾರ್ಖಾನೆಯಾದ ಇ.ಸಿ.ಐ.ಎಲ್. ತಯಾರಿಸಿತು. ವಿದ್ಯುಚ್ಛಕ್ತಿ ಇಲ್ಲದ ಕೆಲವು ಹಳ್ಳಿಗಳಿಗಾಗಿ ಬ್ಯಾಟರಿಯಿಂದ ನಡೆಯುವ ಗ್ರಾಹಕಗಳನ್ನೂ ಒದಗಿಸಿದರು. ಇದಕ್ಕೂ ಮೊದಲು, ೧೯೬೭ರಲ್ಲಿಯೇ, ವಿಶ್ವಸಂಸ್ಥೆಯ ಅಭಿವೃದ್ಧಿ ಯೋಜನೆಯ ನೆರವಿನಿಂದ ಅಹಮದಾಬಾದಿನಲ್ಲಿ ಪ್ರಾಯೋಗಿಕ ಭೂಕೇಂದ್ರವೊಂದು ತೆರೆದಿತ್ತು. ನಮ್ಮ ಎಂಜಿನಿಯರುಗಳು ಅಲ್ಲಿ ಕೈ ಪಳಗಿಸಿಕೊಂಡಿದ್ದರು. ಮುಯ್ಯಾಳಿಗೆ ಹೊರಡುವ ಮುನ್ನ ನೇಗಿಲು ಹಿಡಿಯುವುದನ್ನು ಕಲಿತಿರಬೇಕಷ್ಟೆ.

ಭಾಷೆಯ ವಿಷಯದಲ್ಲಿಯೂ ಒಂದು ಜಾಣ್ಮೆ ಕಂಡುಬಂದಿತು. ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿವಾಹಿನಿಗಳನ್ನು ಕಳುಹಿಸಬಲ್ಲುದಾಗಿತ್ತು. ಹೀಗಾಗಿ ಅದೇ ಚಿತ್ರವನ್ನು ಆಂಧ್ರದ ಹಳ್ಳಿಯವರು ತೆಲುಗಿನಲ್ಲಿಯೂ ಕರ್ನಾಟಕದ ಹಳ್ಳಿಯವರು ಕನ್ನಡದಲ್ಲಿಯೂ ಕೇಳುವುದು ಸಾಧ್ಯವಾಯಿತು. ಹೊರಗಿನಿಂದ ಬಂದ ಸಾಧನದಲ್ಲಿ ಒಳಗಿನ ಮಾತಿಗೆ ಇಷ್ಟು ಜಾಗವನ್ನು ಮೊದಲೇ ಕಾದಿರಿಸಿದುದು ಸಣ್ಣ ಸಂಗತಿಯಲ್ಲ.

ಇದರಿಂದ ಅಮೆರಿಕಕ್ಕೆ ಲಾಭವಿರಲಿಲ್ಲವೆಂದು ಭಾವಿಸಬೇಕಾಗಿಲ್ಲ. ಉಪಗ್ರಹದಿಂದ ನೇರವಾಗಿ ಚಿಕ್ಕ ಗ್ರಾಹಕಗಳಿಗೆ ಪ್ರಸಾರ ಮಾಡುವ ತಂತ್ರವನ್ನು ಅಷ್ಟು ವಿಸ್ತಾರವಾಗಿ ಪರೀಕ್ಷಿಸುವ ಅವಕಾಶ ಅದಕ್ಕೆ ಬೇರೆಲ್ಲಿಯೂ ಸುಲಭವಾಗಿ ಸಿಗುತ್ತಿರಲಿಲ್ಲ. ಮುಂದೆ ಭಾರತದ ಇನ್ಸಾಟ್-೧ ಸಾಲಿನ ಉಪಗ್ರಹಗಳನ್ನು ತಯಾರಿಸಿಕೊಟ್ಟದ್ದೂ ಅಮೆರಿಕದ ಕಂಪೆನಿಯೇ. ಅದೇ ೧೯೭೫ರ ಏಪ್ರಿಲ್ ೧೯ರಂದು, ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ನಮ್ಮವರು ತಯಾರಿಸಿದ ಆರ್ಯಭಟವನ್ನು ಸೋವಿಯತ್ ದೇಶವು ತನ್ನ ರಾಕೆಟ್ಟಿನಲ್ಲಿ ಹಾರಿಸಿಕೊಟ್ಟಿತು. ಪರಸ್ಪರ ಸ್ಪರ್ಧಿಗಳಾಗಿದ್ದ ಎರಡು ಬಲಾಢ್ಯ ರಾಷ್ಟ್ರಗಳಿಗೂ ತಮ್ಮ ತಮ್ಮ ಉದ್ದೇಶಗಳಿದ್ದುವು. ಇದರಲ್ಲಿ ಬೇಸರಪಡಬೇಕಾದುದೇನೂ ಇಲ್ಲ. ಮುಯ್ಯಾಳಾಗಿ ಬಂದವನು ತನ್ನ ಗದ್ದೆಯನ್ನು ಮರೆತಿರುವುದಿಲ್ಲ. ಇಬ್ಬರಿಗೂ ಪ್ರಯೋಜನವಿದ್ದು, ಇಬ್ಬರಿಗೂ ಅದು ತಿಳಿದಿದ್ದರೆ ವ್ಯವಹಾರ ಶುದ್ಧವಾದುದೇ.

ಆಗಸ್ಟ್ ಒಂದನೆಯ ತಾರೀಖು

ವರ್ಷ ಮುಗಿಯಿತು. ಕೊಟ್ಟ ಮಾತಿನಂತೆ ಅಮೆರಿಕವು ತನ್ನ ಉಪಗ್ರಹವನ್ನು ಹಿಂದಕ್ಕೆ ಕರೆದುಕೊಂಡಿತು. ೧೯೭೬ರ ಆಗಸ್ಟ್ ೧ರಂದು ಹಳ್ಳಿಗಳ ಬೋಗುಣಿಗಳು ಪಶ್ಚಿಮದ ಆಕಾಶವನ್ನು ನೋಡುತ್ತ ಹಾಗೆಯೇ ಇದ್ದುವು. ಅವುಗಳಿಗೆ ಬೀಳುವ ಅಲೆ ಇರಲಿಲ್ಲ. ಈಗ ನಮ್ಮ ಪ್ರಶ್ನೆಯನ್ನು ಕೇಳೋಣ. ಉಳಿದುದೇನು?

ದೇಶಕ್ಕೆ ಉಳಿದುದು ಬಹಳ. ಪ್ರಯೋಗದ ಕಾಲದಲ್ಲಿ ಸುಮಾರು ೫೦,೦೦೦ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯಲ್ಲಿ ತರಬೇತಿ ದೊರೆತಿತು. ಭೂಕೇಂದ್ರಗಳನ್ನು ಕಟ್ಟಿ ನಡೆಸುವ, ಸಾವಿರಾರು ಗ್ರಾಹಕಗಳನ್ನು ಮಣ್ಣಿನ ರಸ್ತೆಗಳಾಚೆ ಒಯ್ದು ಕೆಡದಂತೆ ಕಾಪಾಡುವ ಅನುಭವವುಳ್ಳ ಒಂದು ಪೀಳಿಗೆಯೇ ಸಿದ್ಧವಾಯಿತು. ೧೯೮೩ರ ಆಗಸ್ಟಿನಲ್ಲಿ ಇನ್ಸಾಟ್-೧ಬಿ ಆಕಾಶಕ್ಕೇರಿದಾಗ ಅದನ್ನು ಬಳಸಬಲ್ಲವರು ನಮ್ಮಲ್ಲಿದ್ದರು. ೧೯೯೨ರಲ್ಲಿ ಹಾರಿದ ಇನ್ಸಾಟ್-೨ಎ ನಮ್ಮ ದೇಶದಲ್ಲಿಯೇ ತಯಾರಾದುದು. ೨೦೦೪ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕಾಗಿಯೇ ಮೀಸಲಾದ ಎಜುಸಾಟ್ ಮೇಲೇರಿತು. ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠಗಳು ಬಂದುವು. ಎರವಲು ತಂದ ಒಂದು ವರ್ಷವು ಸ್ವಂತ ಬೆಳೆಗೆ ಬೀಜವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ೨,೪೦೦ ಹಳ್ಳಿಗಳಿಗೆ ಉಳಿದುದೇನು? ಇಲ್ಲಿ ಉತ್ತರ ಅಷ್ಟು ಹಿತವಾದುದಲ್ಲ. ಗುಲ್ಬರ್ಗವೇ ಮೊದಲಾದ ಕೆಲವು ಕಡೆ ಮುಂದೆ ನೆಲದ ಮೇಲಿನ ಪ್ರಸಾರ ಕೇಂದ್ರಗಳು ತೆರೆದುದರಿಂದ, ಅವುಗಳ ಸುತ್ತಿನ ಹಳ್ಳಿಗಳಿಗೆ ಮತ್ತೆ ಚಿತ್ರಗಳು ಬಂದುವು. ಅವುಗಳ ವ್ಯಾಪ್ತಿಗೆ ಹೊರಗಿದ್ದ ಹಳ್ಳಿಗಳ ಪಾಲಿಗೆ ಪ್ರಯೋಗವು ಬಂದಂತೆಯೇ ಹೊರಟುಹೋಯಿತು. ಪ್ರಯೋಗದ ಫಲವನ್ನು ಪರೀಕ್ಷಿಸಿದ ಸಮಾಜಶಾಸ್ತ್ರಜ್ಞರೂ ಸ್ವಾರಸ್ಯವಾದ ಸಂಗತಿಗಳನ್ನು ಕಂಡುಕೊಂಡರು. ಆರೋಗ್ಯ, ಕುಟುಂಬ ಯೋಜನೆಗಳ ತಿಳಿವಳಿಕೆ ಹೆಚ್ಚಿತು. ಅದು ಹೆಚ್ಚಿದುದು ವಿಶೇಷವಾಗಿ ಹೆಂಗಸರಲ್ಲಿ ಮತ್ತು ಓದುಬರಹ ಬಾರದವರಲ್ಲಿ. ಆದರೆ ಬೇಸಾಯದಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಇದು ಆಶ್ಚರ್ಯವಲ್ಲ. ಕಾಯಿಸಿ ಆರಿಸಿದ ನೀರನ್ನು ಮಗುವಿಗೆ ಕೊಡಬೇಕೆಂದು ತಾಯಿಗೆ ತಿಳಿದರೆ ಅದನ್ನು ಮಾಡುವುದು ಬಹುಮಟ್ಟಿಗೆ ಅವಳ ಕೈಯಲ್ಲಿದೆ. ಹೊಸ ಬೀಜದ ವಿಷಯ ರೈತನಿಗೆ ತಿಳಿದರೆ ಸಾಲದು. ಬೀಜ ಸಿಗಬೇಕು, ಸಾಲ ದೊರೆಯಬೇಕು, ಮಳೆಯಾಗಬೇಕು, ಬೆಲೆ ಬರಬೇಕು. ಚಿತ್ರವು ದಾರಿಯನ್ನು ತೋರಿಸಬಲ್ಲದು, ಬುತ್ತಿಯನ್ನು ಕಟ್ಟಿಕೊಡಲಾರದು.

ಇಲ್ಲಿಯೇ ಈ ಪ್ರಯೋಗದ ಕೊರತೆಯಿದೆ. ಮುಯ್ಯಿ ನಡೆದದ್ದು ವಾಷಿಂಗ್ಟನ್ ಮತ್ತು ದಿಲ್ಲಿಯ ನಡುವೆ, ನಾಸಾ ಮತ್ತು ಇಸ್ರೋಗಳ ನಡುವೆ. ಅವೆರಡೂ ಸಮಾನರಂತೆ ದುಡಿದುವು, ಎರಡೂ ಲಾಭ ಪಡೆದುವು. ಹಳ್ಳಿಯು ಮಾತ್ರ ಈ ಮುಯ್ಯಿಯಲ್ಲಿ ಆಳಾಗಿ ಸೇರಲಿಲ್ಲ. ಅದು ಪ್ರೇಕ್ಷಕನಾಗಿ ಕುಳಿತಿತ್ತು. ಬೋಗುಣಿಯು ಕೆಟ್ಟಾಗ ಸರಿಪಡಿಸಲು ಜೀಪಿನಲ್ಲಿ ಬರುತ್ತಿದ್ದವರು ದಕ್ಷರಾದ ಎಂಜಿನಿಯರುಗಳು. ಆ ದಕ್ಷತೆಯು ಹಳ್ಳಿಯವರಿಗೆ ದಾಟಿಬರಲಿಲ್ಲ. ಪ್ರಯೋಗವಾದುದರಿಂದ ಅದಕ್ಕೆ ಕ್ಷಮೆಯುಂಟು. ಯೋಜನೆಯಾಗಿದ್ದರೆ ಕ್ಷಮೆಯಿರುತ್ತಿರಲಿಲ್ಲ.

ನೆಲದಡಿಯ ಪಾಠ

ಹಾಗಾದರೆ ಹಳ್ಳಿಯನ್ನು ಪಾಲುಗಾರನನ್ನಾಗಿ ಮಾಡಿಕೊಳ್ಳುವುದು ಸಾಧ್ಯವೇ? ಗುಲ್ಬರ್ಗದಿಂದ ರೈಲು ಹಿಡಿದು ಪಶ್ಚಿಮಕ್ಕೆ ಹೊರಟರೆ ಕೆಲವೇ ಗಂಟೆಗಳಲ್ಲಿ ಸೊಲ್ಲಾಪುರ ಸಿಗುತ್ತದೆ. ಈ ಊರಿನ ಹೆಸರಿಗೂ ಜಗತ್ತಿನ ಅನೇಕ ದೇಶಗಳ ಹಳ್ಳಿಯ ನೀರಿಗೂ ಒಂದು ಸಂಬಂಧವಿದೆ. ಅದೇ ನಮ್ಮ ಎರಡನೆಯ ಉದಾಹರಣೆ.

೧೯೬೬-೬೭ರ ಬರಗಾಲದಲ್ಲಿ ಬಿಹಾರದ ಬಾವಿಗಳು ಬತ್ತಿದಾಗ ಯುನಿಸೆಫ್ ಸಂಸ್ಥೆಯು ಗಟ್ಟಿ ಬಂಡೆಯನ್ನು ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತರಿಸಿತು. ದಕ್ಷಿಣದ ಪ್ರಸ್ಥಭೂಮಿಯ ಬಂಡೆಯನ್ನು ಸೀಳಿ ನೀರನ್ನು ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈ ಯಂತ್ರಗಳಿಂದ ದಿನಗಳಲ್ಲಿ ಮುಗಿಯತೊಡಗಿತು. ಮುಂದಿನ ವರ್ಷಗಳಲ್ಲಿ ಹಳ್ಳಿ ಹಳ್ಳಿಗೂ ಕೊಳವೆ ಬಾವಿ ಬಂದಿತು, ಅದರ ಮೇಲೆ ಕೈಪಂಪು ಬಂದಿತು. ಸ್ವಲ್ಪ ಕಾಲದಲ್ಲಿಯೇ ತಿಳಿದುಬಂದ ಸಂಗತಿ ದಿಗಿಲು ಹುಟ್ಟಿಸುವಂತಿತ್ತು. ಹಾಕಿದ ಪಂಪುಗಳಲ್ಲಿ ಬಹುಪಾಲು ಕೆಟ್ಟು ನಿಂತಿದ್ದುವು.

ಕಾರಣ ಸರಳ. ಆ ಎರಕದ ಕಬ್ಬಿಣದ ಪಂಪುಗಳು ಪರದೇಶದ ಒಂದೊಂದು ಮನೆಯ ಅಂಗಳಕ್ಕಾಗಿ ರಚಿತವಾದ ಪಂಪುಗಳ ನಕಲು. ಒಂದು ಮನೆಯವರು ದಿನಕ್ಕೆ ನಾಲ್ಕಾರು ಕೊಡ ಸೇದುವ ಪಂಪನ್ನು ನಮ್ಮ ಹಳ್ಳಿಯಲ್ಲಿ ನೂರಾರು ಜನ ಬೆಳಗಿನ ಜಾವದಿಂದ ಕತ್ತಲಾಗುವವರೆಗೆ ಸೇದಬೇಕಾಗಿತ್ತು. ಅದರ ಮೇಲೆ ನಮ್ಮ ಕೊಳವೆ ಬಾವಿಗಳು ಆಳವಾದುವು. ವಾಯುಭಾರದ ಬಲದಿಂದ ನೀರನ್ನು ಮೇಲಕ್ಕೆ ಹೀರಬಹುದಾದುದು ಹೆಚ್ಚೆಂದರೆ ಹತ್ತು ಮೀಟರ್. ಇದು ಟಾರಿಚೆಲ್ಲಿಯ ಕಾಲದಿಂದ ತಿಳಿದ ವಿಷಯ. ಅದಕ್ಕಿಂತ ಆಳದ ನೀರಿಗೆ ಸಿಲಿಂಡರನ್ನೇ ನೀರಿನೊಳಕ್ಕೆ ಇಳಿಸಿ, ಉದ್ದನೆಯ ಸರಳಿನಿಂದ ಕೊಂತವನ್ನು ಎತ್ತಿ ಇಳಿಸಬೇಕು. ಹಿಡಿಕೆಯು ವೃತ್ತದ ಕಂಸದಲ್ಲಿ ಚಲಿಸುತ್ತದೆ. ಸರಳು ನೇರವಾಗಿ ಚಲಿಸಬೇಕು. ಇವೆರಡರ ನಡುವಣ ಎಳೆದಾಟದಲ್ಲಿ ಕೀಲುಗಳು ಸವೆದು ಮುರಿಯುತ್ತಿದ್ದುವು.

ಇದಕ್ಕೆ ಪರಿಹಾರವು ಹೊರದೇಶದಿಂದ ಬರಲಿಲ್ಲ. ಸೊಲ್ಲಾಪುರದ ಸೀಮೆಯಲ್ಲಿ ಸ್ಥಳೀಯ ಕುಶಲಕರ್ಮಿಗಳು ರೂಪಿಸಿದ ಉಕ್ಕಿನ ಪಂಪೊಂದು ಬಳಕೆಯಲ್ಲಿತ್ತು. ಅದರಲ್ಲಿ ಹಿಡಿಕೆಗೆ ಒಂದೇ ತಿರುಗಣಿ. ಹಿಡಿಕೆಯ ತುದಿಗೂ ಸರಳಿಗೂ ನಡುವೆ ಸರಪಳಿ. ಸರಪಳಿಯು ಕಮಾನಿನ ಮೇಲೆ ಸುತ್ತಿಕೊಳ್ಳುತ್ತಲೂ ಬಿಚ್ಚಿಕೊಳ್ಳುತ್ತಲೂ ಇರುವುದರಿಂದ ಸರಳಿಗೆ ಸದಾ ನೇರವಾದ ಎಳೆತವೇ ಸಿಗುತ್ತದೆ. ಭಾರತ ಸರಕಾರ, ಯುನಿಸೆಫ್, ಮದರಾಸಿನ ಯಾಂತ್ರಿಕ ಸಂಶೋಧನಾ ಕೇಂದ್ರ, ಮತ್ತು ರಿಚರ್ಡ್‌ಸನ್ ಅಂಡ್ ಕ್ರುಡಾಸ್ ಎಂಬ ಸರಕಾರಿ ಕಾರ್ಖಾನೆ ಕೂಡಿ ಈ ಪಂಪನ್ನು ತಿದ್ದಿ ತೀಡಿ, ಸುಮಾರು ೫೦ ಮೀಟರ್ ಆಳದವರೆಗೂ ನೀರೆತ್ತುವಂತೆ ಮಾಡಿದುವು. ೧೯೭೦ರ ದಶಕದ ಕೊನೆಯ ಹೊತ್ತಿಗೆ ಸಿದ್ಧವಾದ ಅದರ ಹೆಸರು ಇಂಡಿಯ ಮಾರ್ಕ್-೨. ಅದರ ಮೇಲೆ ಯಾರೂ ಏಕಸ್ವಾಮ್ಯವನ್ನು ಸ್ಥಾಪಿಸಲಿಲ್ಲ. ನಕ್ಷೆಯು ಎಲ್ಲರ ಸ್ವತ್ತಾಯಿತು. ಮುಂದೆ ಆಫ್ರಿಕದ ಅನೇಕ ದೇಶಗಳ ಹಳ್ಳಿಗಳಿಗೆ ಅದೇ ಪಂಪು ಹೋಯಿತು. ಬರಗಾಲದಲ್ಲಿ ಬಂದ ಸಹಾಯವು ಮುಯ್ಯಿಯಾಗಿ ಮೂರನೆಯವರಿಗೆ ಸಂದುದು ಹೀಗೆ.

ಆದರೂ ಮಾರ್ಕ್-೨ ಪಂಪಿನ ಸಿಲಿಂಡರು ಕೆಟ್ಟರೆ ಅದನ್ನು ಮೇಲಕ್ಕೆತ್ತಲು ಪೇಟೆಯಿಂದ ತಂಡವೇ ಬರಬೇಕಾಗಿತ್ತು. ಆದುದರಿಂದ ೧೯೮೦ರ ದಶಕದಲ್ಲಿ, ಕೊಯಮತ್ತೂರಿನ ಸುತ್ತಿನ ಹಳ್ಳಿಗಳಲ್ಲಿ ನಡೆದ ಪರೀಕ್ಷೆಗಳ ಫಲವಾಗಿ, ಮಾರ್ಕ್-೩ ಎಂಬ ಇನ್ನೊಂದು ರೂಪ ಬಂದಿತು. ಅದರಲ್ಲಿ ಕೊಳವೆಯನ್ನು ಕೀಳದೆಯೇ ಒಳಗಿನ ಭಾಗಗಳನ್ನು ಸರಳಿನೊಡನೆ ಮೇಲಕ್ಕೆ ತೆಗೆಯಬಹುದು. ಕೆಲವೇ ಉಪಕರಣಗಳಿಂದ ಹಳ್ಳಿಯವರೇ ದುರಸ್ತಿ ಮಾಡಬಹುದು. ವಿನ್ಯಾಸದ ಪ್ರಶ್ನೆಯೇ ಇಲ್ಲಿ ಬದಲಾಯಿತೆಂಬುದನ್ನು ವಾಚಕರು ಗಮನಿಸಬೇಕು. ಪಂಪು ಎಷ್ಟು ಬಲವಾಗಿದೆ ಎಂಬುದು ಹಿಂದಿನ ಪ್ರಶ್ನೆ. ಅದನ್ನು ಬಿಚ್ಚುವ ಕೈ ಯಾರದು ಎಂಬುದು ಹೊಸ ಪ್ರಶ್ನೆ. ಉಪಗ್ರಹದ ಪ್ರಯೋಗದಲ್ಲಿ ಹೊರಗೆ ಕುಳಿತಿದ್ದ ಹಳ್ಳಿಯು ಇಲ್ಲಿ ಮುಯ್ಯಿಯ ಒಳಕ್ಕೆ ಬಂದಿತು.

ಇಲ್ಲಿಯೂ ಎಲ್ಲವೂ ಸರಿಯಾಯಿತೆಂದು ಹೇಳಲಾರೆವು. ಬಂಡೆಯನ್ನು ಬೇಗ ಕೊರೆಯುವ ವಿದ್ಯೆ ಬಂದಷ್ಟು ಬೇಗ, ಬಂಡೆಯೊಳಗೆ ನೀರೆಷ್ಟಿದೆ ಎಂದು ಅಳೆದು ಮಿತವಾಗಿ ಬಳಸುವ ವಿವೇಕ ಬರಲಿಲ್ಲ. ಬೇಸಾಯಕ್ಕಾಗಿ ಕೊರೆದ ಬಾವಿಗಳ ಹಾವಳಿಯಿಂದ ನೀರು ಕೆಳಕ್ಕೆ ಇಳಿಯಿತು. ನಮ್ಮ ಹಲವು ಜಿಲ್ಲೆಗಳಲ್ಲಿ ಆಳದ ನೀರಿನೊಡನೆ ಫ್ಲೋರೈಡೂ ಮೇಲೆ ಬಂದಿತು. ಕೊರೆಯುವ ಯಂತ್ರವನ್ನು ಎರವಲು ತರಬಹುದು. ನೆಲದ ಲೆಕ್ಕವನ್ನು ಆ ನೆಲದವರೇ ಇಡಬೇಕು.

ಈಗ ನಮ್ಮ ಸರದಿ

ಇದೆಲ್ಲ ಹಳೆಯ ಕಥೆಯೆಂದು ಕೈಬಿಡುವಂತಿಲ್ಲ. ಅಂದು ಎರವಲು ತಂದವರು ಇಂದು ಎರವಲು ಕೊಡುವವರಾಗಿದ್ದೇವೆ. ೧೯೬೪ರ ಸೆಪ್ಟೆಂಬರಿನಲ್ಲಿ ಆರಂಭವಾದ ಐಟೆಕ್ ಯೋಜನೆಯ ಮೂಲಕ ಭಾರತ ಸರಕಾರವು ಹಲವು ದೇಶಗಳವರಿಗೆ ತರಬೇತಿ ಕೊಡುತ್ತ ಬಂದಿದೆ. ೨೦೧೭ರ ಮೇ ೫ರಂದು ದಕ್ಷಿಣ ಏಷ್ಯದ ನೆರೆಹೊರೆಯ ರಾಷ್ಟ್ರಗಳ ಬಳಕೆಗೆಂದು ಜಿಸಾಟ್-೯ ಉಪಗ್ರಹವನ್ನು ನಮ್ಮ ವೆಚ್ಚದಲ್ಲಿಯೇ ಹಾರಿಸಿದೆವು. ೧೯೭೫ರಲ್ಲಿ ಗುಲ್ಬರ್ಗದ ಹಳ್ಳಿ ಇದ್ದ ಸ್ಥಾನದಲ್ಲಿ ಇಂದು ನೇಪಾಳದ ಹಳ್ಳಿಯೋ ಮಾಲ್ಡೀವ್ಸಿನ ದ್ವೀಪವೋ ಇರಬಹುದು. ಆಕಾಶದಲ್ಲಿ ಉಪಗ್ರಹವಿರುವುದು ಸಂತೋಷ. ಅದರ ಕೆಳಗೆ ಬೋಗುಣಿಯನ್ನು ಕಟ್ಟುತ್ತಿರುವವರು ಯಾರು? ಕಾರ್ಯಕ್ರಮ ಯಾರ 
ಭಾಷೆಯಲ್ಲಿ, ಯಾರ ಕೈಯಿಂದ ತಯಾರಾಗುತ್ತಿದೆ? ಈ ಪ್ರಶ್ನೆಗಳನ್ನು ಕೇಳುವ ಹೊಣೆ ಈಗ ನಮ್ಮದು.

ಒಳ್ಳೆಯ ಮೇಲ್ಪಂಕ್ತಿಗಳೂ ನಮ್ಮಲ್ಲಿವೆ. ೨೦೨೨ರ ನವೆಂಬರ್ ೨೬ರಂದು ಹಾರಿದ ಭಾರತ-ಭೂತಾನ್ ಉಪಗ್ರಹವು ತೂಕದಲ್ಲಿ ಇಪ್ಪತ್ತು ಕಿಲೋಗ್ರಾಮನ್ನೂ ಮುಟ್ಟದ ಚಿಕ್ಕ ವಸ್ತು. ಆದರೆ ಭೂತಾನದ ಎಂಜಿನಿಯರುಗಳು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ತರಬೇತಿ ಪಡೆದು ಅದರ ಕೆಲಸದಲ್ಲಿ ಕೈಜೋಡಿಸಿದರು. ಪೀಣ್ಯದ ಶೆಡ್ಡಿನಲ್ಲಿ ನಮ್ಮವರು ಅನುಭವಿಸಿದ ಸಂತೋಷ ಅವರಿಗೂ ದೊರೆತಿರಬೇಕು. ಇನ್ನೂ ಚಿಕ್ಕದಾದ, ಇನ್ನೂ ಒಳ್ಳೆಯದಾದ ಉದಾಹರಣೆ ರಾಜಸ್ಥಾನದ ತಿಲೋನಿಯದ್ದು. ಅಲ್ಲಿನ ಬೇರ್‌ಫುಟ್ ಕಾಲೇಜಿಗೆ ಭಾರತ ಸರಕಾರದ ಐಟೆಕ್ ನೆರವಿನಿಂದ ಆಫ್ರಿಕದ ಹಳ್ಳಿಗಳ ಹೆಂಗಸರು ಬಂದು, ಆರು ತಿಂಗಳು ಇದ್ದು, ಸೌರದೀಪಗಳನ್ನು ಜೋಡಿಸುವುದನ್ನೂ ರಿಪೇರಿ ಮಾಡುವುದನ್ನೂ ಕಲಿತು ಹೋದರು. ಅವರಲ್ಲಿ ಅನೇಕರಿಗೆ ಓದು ಬರುತ್ತಿರಲಿಲ್ಲ. ನಮ್ಮ ಭಾಷೆಯಂತೂ ತಿಳಿಯದು. ತಂತಿಯ ಬಣ್ಣವನ್ನೂ ಬಿಡಿಭಾಗದ ಆಕಾರವನ್ನೂ ಗುರುತಿಟ್ಟುಕೊಂಡು, ಕೈಸನ್ನೆಯಿಂದ ಕಲಿತರು. ಅವರು ಊರಿಗೆ ಒಯ್ದುದು ದೀಪವನ್ನಷ್ಟೇ ಅಲ್ಲ. ದೀಪ ಆರಿದರೆ ಮತ್ತೆ ಹೊತ್ತಿಸುವ ಶಕ್ತಿಯನ್ನು.

ದಾನವೇ ಬೇಡವೆಂದು ನನ್ನ ವಾದವಲ್ಲ. ಮನೆಗೆ ಬೆಂಕಿ ಬಿದ್ದಾಗ ಕೊಡದ ನೀರು ಯಾರ ಬಾವಿಯದೆಂದು ಕೇಳುತ್ತ ಕೂಡುವವರಿಲ್ಲ. ಬರ, ನೆರೆ, ಸಾಂಕ್ರಾಮಿಕಗಳ ಕಾಲದಲ್ಲಿ ಕೊಡಬೇಕಾದುದನ್ನು ಕೂಡಲೇ ಕೊಡಬೇಕು, ಪಡೆಯಬೇಕಾದುದನ್ನು ಸಂಕೋಚವಿಲ್ಲದೆ ಪಡೆಯಬೇಕು. ಆದರೆ ಆಪತ್ತಿನ ನೀತಿಯನ್ನು ನಿತ್ಯದ ನೀತಿಯನ್ನಾಗಿ ಮಾಡಿಕೊಂಡರೆ ಕೊಡುವವನಲ್ಲಿ ದರ್ಪವೂ ಪಡೆಯುವವನಲ್ಲಿ ಜಡತೆಯೂ ಬೆಳೆಯುತ್ತವೆ. ಹಳ್ಳಿಯಲ್ಲಿ ತುಕ್ಕು ಹಿಡಿದ ಯಂತ್ರಗಳು ಬೆಳೆಯುತ್ತವೆ.

ಆದುದರಿಂದ ಗ್ರಾಮಾಭಿವೃದ್ಧಿಯ ಹೆಸರಿನಲ್ಲಿ ಯಾವ ಎರಡು ಸರಕಾರಗಳು ಕೈಕುಲುಕಿದರೂ, ಆ ಒಪ್ಪಂದಕ್ಕೆ ನಾಲ್ಕು ಪ್ರಶ್ನೆಗಳನ್ನು ಹಾಕುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳಬೇಕು. ಪಡೆಯುವವನು ತನ್ನ ಕಡೆಯಿಂದ ತರುವ ನೇಗಿಲು ಯಾವುದು? ಕೆಟ್ಟ ಯಂತ್ರವನ್ನು ಬಿಚ್ಚುವ ಕೈ ಹಳ್ಳಿಯದೇ, ಪೇಟೆಯದೇ, ಪರದೇಶದ್ದೇ? ಅವಧಿ ಮುಗಿದ ಮರುದಿನ, ಆ ಆಗಸ್ಟ್ ಒಂದನೆಯ ತಾರೀಖಿನಂದು, ಏನಾಗುತ್ತದೆಂದು ಮೊದಲೇ ಬರೆದಿಟ್ಟಿದೆಯೇ? ಒಪ್ಪಂದದ ಫಲವನ್ನು ಅಳೆಯುವಾಗ ಹಳ್ಳಿಯವರ ಮಾತನ್ನೂ ಕೇಳುತ್ತಾರೆಯೇ? ಮೊದಲನೆಯ ಪ್ರಶ್ನೆಗೆ ೧೯೬೯ರ ಒಪ್ಪಂದವು ಉತ್ತಮವಾದ ಉತ್ತರ ಕೊಟ್ಟಿತು. ಎರಡನೆಯದಕ್ಕೆ ಸೊಲ್ಲಾಪುರದ ಕಡೆಯ ಕುಶಲಕರ್ಮಿಗಳೂ ತಿಲೋನಿಯದ ಹೆಂಗಸರೂ ಉತ್ತರ ಕೊಟ್ಟರು. ಉಳಿದ ಎರಡಕ್ಕೆ ಉತ್ತರವನ್ನು ಇನ್ನೂ ಹೆಚ್ಚಿನ ಶ್ರದ್ಧೆಯಿಂದ ಹುಡುಕಬೇಕಾಗಿದೆ.

ಮುಯ್ಯಿ ತೀರಿಸುವುದೆಂದರೆ ಕೊಟ್ಟವನಿಗೇ ಹಿಂದಿರುಗಿಸುವುದೆಂದು ಅರ್ಥವಲ್ಲ. ಅಗತ್ಯವಿದ್ದ ಮತ್ತೊಂದು ಗದ್ದೆಗೆ ಇಳಿದು ದುಡಿದರೂ ಅದು ಸಂದಂತೆಯೇ. ನಾವು ನೆರವಾಗಲು ಹೋದ ಹಳ್ಳಿಯು ಒಂದು ದಿನ ತನ್ನ ನೇಗಿಲನ್ನು ಹೆಗಲಿಗೇರಿಸಿ ಬೇರೊಬ್ಬರ ಗದ್ದೆಗೆ ಮುಯ್ಯಾಳಾಗಿ ಹೊರಟರೆ, ಆ ಸಹಕಾರ ಸಾರ್ಥಕ.